ಎಡಗೈ ಗಂಟು

ಆಗಸ್ಟಿನಲ್ಲಿ ಹೋದ ಪುಸ್ತಕ ಮೇ ಕೊನೆಗೆ ಬಂತು,
ಬೋಟುಗಳೆಲ್ಲ ದಡ ಸೇರುವ ವಾರ,
ಐಸ್ ಪ್ಲಾಂಟಿನ ನನ್ನ ಮೇಜಿಗೆ, ಲೆಡ್ಜರಿನ ಪಕ್ಕಕ್ಕೆ,
ಹಾಲಿನ ತೊಟ್ಟೆಯಲ್ಲಿ ಸುತ್ತಿ, ರಬ್ಬರು ಹಾಕಿ.
ಯಾರಿಟ್ಟದ್ದು ಅಂತ ಕೇಳಿದರೆ
ಬೈತಕೋಲದಲ್ಲಿ ಒಬ್ಬರೂ ಕಂಡಿಲ್ಲ.

ನಾನು ಕೊಟ್ಟದ್ದು ಒಬ್ಬನಿಗೆ,
'ಸಾತೇರಿ ಪ್ರಸಾದ'ದ ಡ್ರೈವರ್ ಪುರ್ಸುಗೆ.
"ಅಕ್ಕೋರೆ, ನಾಲ್ಕು ದಿನ ನೀರಲ್ಲಿ, ಸಿಗ್ನಲ್ಲೂ ಇಲ್ಲ,
ಓದೋಕೆ ಏನಾದ್ರೂ ಕೊಡಿ. ದೇವರದ್ದು ಬೇಡ."
ಕೊಲೆಯದ್ದು ಕೊಟ್ಟೆ:
ಗುಡ್ಡದ ಮೇಲೊಂದು ಬಂಗಲೆ, ಪಾನಕದಲ್ಲಿ ವಿಷ, ಐವರ ಮೇಲೆ ಗುಮಾನಿ,
ನಡುವೆ ಲೆಕ್ಕಕ್ಕಿಲ್ಲದ ಇನ್ನೊಂದು ಹೆಣ.

ಈಗ ಬಾಗಿಲು ಮುಂದೆ ಮಾಡಿ
ಮಹಜರಿಗೆ ಕೂತೆ.

ಪುಟ ಹದಿನೇಳು. ಡೀಸೆಲ್ಲಿನ ಹೆಬ್ಬೆಟ್ಟು.
ಪುರ್ಸುದೇ, ವಾದ ಬೇಡ.
ನಲವತ್ತೊಂದರಲ್ಲಿ ತಾಂಬೂಸಿನ ಹುರುಪೆ,
ಗುರುತಿಗೆ ಇಟ್ಟವರು ಮರೆತಿದ್ದಾರೆ,
ಒಣಗಿ ಉಗುರಿನ ಹಾಗಾಗಿದೆ.
ಅರವತ್ತರ ಅಂಚಿಗೆ ಪೆನ್ಸಿಲ್ಲಿನಲ್ಲಿ: 'ಇವನೇ.'
ಕೆಳಗೆ ಬೇರೆ ಅಕ್ಷರ: 'ಅಲ್ಲ, ಹೆಂಡತಿ.'
ಇನ್ನೂ ಕೆಳಗೆ, ಮಲ್ಪೆ ಕಡೆಯವರು ಇರಬೇಕು, ದುಂಡಗೆ:
'ಸುಮ್ಮನೆ ಓದಿ ಮಾರಾಯ್ರೆ.'

ನೂರ ಹತ್ತರಿಂದ ನೂರ ಮೂವತ್ತು ಉಪ್ಪಿಗೆ ಹಪ್ಪಳ.
ದೇವಗಡದ ದೀಪ ಕಾಣುವಲ್ಲಿ
ಬೋಟಿಂದ ಬೋಟಿಗೆ ಎಸೆಯುತ್ತಿದ್ದರಂತೆ,
ಆ ಕಡೆಯಿಂದ ಒಂದು ಕಟ್ಟು ಬೀಡಿ, ಈ ಕಡೆಯಿಂದ ಬಂಗಲೆ.
ಒಮ್ಮೆ ಕೈತಪ್ಪಿ ನೀರಿಗೆ.
ಬಲೆ ಬೀಸಿ ಎತ್ತಿದರು;
ಎರಡನೇ ಹೆಣ ಸಿಗುವ ಪುಟ
ಹಾಗೇ ಅಂಟಿಕೊಂಡಿದೆ, ಇನ್ನು ಬಿಡುವುದಿಲ್ಲ.

ಮುಖಪುಟದಲ್ಲಿ ಬಿದ್ದ ಹೆಂಗಸಿನ ಮೈಮೇಲೆ
ಯಾರೋ ಬಾಲ್‌ಪೆನ್ನಲ್ಲಿ ಕಂಬಳಿ ಬರೆದಿದ್ದಾರೆ,
ಕಾಲಿನ ತನಕ, ಗೆರೆ ಗೆರೆ, ಬಹಳ ಹೊತ್ತು ಕೂತು.
ಕನ್ನಡ ಬಾರದ ಯಾರೋ. ಒಡಿಶಾದ ಅಡುಗೆ ಹುಡುಗನೇ?
ಅವನು ಊರಿಗೆ ಹೋಗಿಯಾಗಿದೆ, ಕೇಳುವಂತಿಲ್ಲ.

ಕೊನೆಗೆ ಬೆನ್ನು ನೋಡಿದೆ.
ಕೊಡುವಾಗಲೇ ಗೋಂದು ಬಿಟ್ಟು ಹಾಳೆ ಉದುರುತ್ತಿತ್ತು.
ಈಗ ಹೊಲಿದಿದೆ.
ಬಲೆಯ ನೀಲಿ ನೈಲಾನ್ ಹುರಿ, ಐದು ತೂತು,
ತುದಿಗೆ ಒಂದು ಗಂಟು.
ದೀಪದ ಹತ್ತಿರ ಹಿಡಿದೆ. ಕನ್ನಡಕ ಹಾಕಿ ಮತ್ತೆ ಹಿಡಿದೆ.
ಗಂಟು ಎಡಕ್ಕೆ ತಿರುಗಿದೆ.

ನಾನೂ ಬಲೆ ಕಟ್ಟಿದವಳು.
ಕೋಡಿಬಾಗದಿಂದ ಅಂಕೋಲೆಯ ತನಕ
ನನಗೆ ಗೊತ್ತಿದ್ದ ಕೈಯೆಲ್ಲ ಬಲಗೈ, ಒಂದನ್ನು ಬಿಟ್ಟು.
ಅಪ್ಪ ಬಾರುಕೋಲಲ್ಲಿ ಹೊಡೆದು
ಊಟಕ್ಕೆ ಮಾತ್ರ ಬಲಕ್ಕೆ ತಂದ ಕೈ.
ಚಂದ್ರಹಾಸ. ನನ್ನ ತಮ್ಮ.

ಬೋಟಿನ ಪಾಲಿನ ಕಾಗದಕ್ಕೆ ನಾನು ಸಹಿ ಹಾಕದ ದಿನದಿಂದ
ಆರು ವರ್ಷ
ಐಸಿಗೆ ಮುದಗಾಕ್ಕೆ ಹೋಗುತ್ತಾನೆ,
ಬಾಡಿಗೆ ಕೊಟ್ಟು, ಅರ್ಧ ಕರಗಿಸಿಕೊಂಡು ತರುತ್ತಾನೆ.
ಎದುರಾದರೆ ಸ್ಕೂಟರಿನ ಕನ್ನಡಿ ಸರಿಮಾಡುತ್ತಾನೆ.

ಮೊದಲ ಹಾಳೆಯಲ್ಲಿ ನನ್ನ ಹೆಸರಿದೆ, ಮದುವೆಗೆ ಮುಂಚಿನದು:
ಕುಮಾರಿ ಇಂದುಮತಿ ದಾಮೋದರ ಹರಿಕಂತ್ರ.
ಹೊಲಿಯುವವನು ಅದನ್ನು ನೋಡದೆ ಹೊಲಿಯಲಾರ,
ಮೊದಲ ತೂತು ಹೆಸರಿನ ಪಕ್ಕದಲ್ಲೇ,
ಅಕ್ಷರ ತಪ್ಪಿಸಿ ಚುಚ್ಚಿದ್ದು.
ಓದಿದನೋ, ಬರಿ ಹೊಲಿದನೋ,
ಅಷ್ಟಕ್ಕೆ ಪುರಾವೆ ಸಾಲದು.

ಸಂಜೆ ಪುರ್ಸು ಬಂದ. "ಕೊಲೆ ಯಾರು ಮಾಡಿದ್ದು ಅಂತ
ಕೊನೆಗೂ ನಂಗೆ ಗೊತ್ತಾಗ್ಲಿಲ್ಲ ಅಕ್ಕೋರೆ,
ನನ್ನ ಕೈಯಿಂದ ಯಾರೋ ಕಸಕೊಂಡ್ರು."
"ಯಾರು?"
ಅವನು ತಲೆ ಕೆರೆದುಕೊಂಡ. ಸಮುದ್ರದ ಕಡೆ ನೋಡಿದ.
"ಇನ್ನೊಂದು ಇದ್ಯಾ?"
ಇದೆ ಅಂದೆ. ಬೋಟು ಇಳಿಯಲಿ, ಕೊಡುತ್ತೇನೆ.

ಅವನು ಹೋದ ಮೇಲೆ ಕಪಾಟಿನಿಂದ ತೆಗೆದೆ,
ಹೊಸದು, ಗಟ್ಟಿ ಬೈಂಡು, ನೂರು ಕೈ ತಾಳುವಂಥದ್ದು.
ಪೆನ್ಸಿಲ್ ಕೆತ್ತುವ ಬ್ಲೇಡಿನಿಂದ
ಬೆನ್ನಿನ ದಾರ ಎರಡು ಕಡೆ ಕೊಯ್ದೆ,
ಹೆಚ್ಚೇನಲ್ಲ, ಡಿಸೆಂಬರಿನ ಹೊತ್ತಿಗೆ ಬಿಡುವಷ್ಟು.
ಬ್ಲೇಡನ್ನು ಸೆರಗಿಗೆ ಒರೆಸಿ
ಡ್ರಾಯರಿಗೆ ಹಾಕಿ
ಬೀಗ ತಿರುಗಿಸಿದೆ.